ನಗರದ ವಾರ್ಷಿಕ ಆಯವ್ಯಯ ಮತ್ತು ಆಸ್ತಿ ತೆರಿಗೆ: ನಾಗರಿಕರ ತಿಳಿವಳಿಕೆಗಾಗಿ

1. ಪೀಠಿಕೆ

ಖಾತಾ ಬದಲಾವಣೆ, ನಲ್ಲಿ ಸಂಪರ್ಕ, ಕಟ್ಟಡ ಪರವಾನಗಿ, ಉದ್ದಿಮೆ ಪರವಾನಗಿ ಮೊದಲಾದ ಸೇವೆಗಳನ್ನು ಕೋರಿ ನಗರ ಸ್ಥಳೀಯ ಸಂಸ್ಥೆಗಳ ಕಛೇರಿಗೆ ಬರುವ ನಾಗರಿಕರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಮೊದಲನೆಯದು, ಅರ್ಜಿಯೊಂದಿಗೆ ಆಸ್ತಿ ತೆರಿಗೆಯ ರಸೀದಿಯನ್ನು ಏಕೆ ಕೇಳಲಾಗುತ್ತದೆ ಎಂಬುದು. ಎರಡನೆಯದು, ಪ್ರತಿ ವರ್ಷ ತೆರಿಗೆ ಪಾವತಿಸಿದರೂ ತಮ್ಮ ಬೀದಿಯ ಚರಂಡಿ ಅಥವಾ ದೀಪದ ಕೆಲಸಕ್ಕೆ ‘ಅನುದಾನವಿಲ್ಲ’ ಎಂಬ ಉತ್ತರ ಏಕೆ ಬರುತ್ತದೆ ಎಂಬುದು. ಈ ಎರಡೂ ಪ್ರಶ್ನೆಗಳಿಗೆ ಉತ್ತರವು ಸಂಸ್ಥೆಯ ವಾರ್ಷಿಕ ಆಯವ್ಯಯದಲ್ಲಿ ದೊರೆಯುತ್ತದೆ.

ಆಯವ್ಯಯವನ್ನು ಹೇಗೆ ಸಿದ್ಧಪಡಿಸಲಾಗುತ್ತದೆ, ಅದರಲ್ಲಿ ಆಸ್ತಿ ತೆರಿಗೆಯ ಸ್ಥಾನವೇನು, ತೆರಿಗೆಯ ಮೊತ್ತವನ್ನು ಯಾರು ಯಾವ ಹಂತದಲ್ಲಿ ನಿರ್ಧರಿಸುತ್ತಾರೆ ಮತ್ತು ನಾಗರಿಕರು ತಮ್ಮ ಬೇಡಿಕೆಯನ್ನು ಯಾವಾಗ ಮಂಡಿಸಿದರೆ ಪ್ರಯೋಜನವಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಈ ವಿವರಣೆಯು ಕರ್ನಾಟಕ ಪೌರಸಭೆಗಳ ಅಧಿನಿಯಮ, 1964 ಮತ್ತು ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976ರ ವ್ಯಾಪ್ತಿಯ ಸಂಸ್ಥೆಗಳಿಗೆ ಸಂಬಂಧಿಸಿದೆ. ಬೆಂಗಳೂರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ 2025ರ ಸೆಪ್ಟೆಂಬರ್ ತಿಂಗಳಲ್ಲಿ ಐದು ನಗರ ಪಾಲಿಕೆಗಳು ರಚನೆಯಾಗಿದ್ದು, ಅಲ್ಲಿಗೆ ಪ್ರತ್ಯೇಕ ಕಾನೂನು ಅನ್ವಯಿಸುತ್ತದೆ.

2. ನಗರ ಸ್ಥಳೀಯ ಸಂಸ್ಥೆಗಳು ಮತ್ತು ಅವುಗಳ ಅಧಿಕಾರ

ರಾಜ್ಯದಲ್ಲಿ ಜನಸಂಖ್ಯೆಯನ್ನು ಮುಖ್ಯ ಆಧಾರವಾಗಿಟ್ಟುಕೊಂಡು ನಗರ ಪ್ರದೇಶಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ. 10,000ದಿಂದ 20,000ದವರೆಗೆ ಪಟ್ಟಣ ಪಂಚಾಯಿತಿ, 20,000ದಿಂದ 50,000ದವರೆಗೆ ಪುರಸಭೆ, 50,000ದಿಂದ 3 ಲಕ್ಷದವರೆಗೆ ನಗರಸಭೆ ಹಾಗೂ 3 ಲಕ್ಷಕ್ಕಿಂತ ಹೆಚ್ಚಿನ ಜನಸಂಖ್ಯೆಗೆ ಮಹಾನಗರ ಪಾಲಿಕೆ ಎಂಬುದು ಸಾಮಾನ್ಯ ಕ್ರಮ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ಮೊದಲಾದವು ಕೊನೆಯ ವರ್ಗಕ್ಕೆ ಸೇರಿವೆ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಈ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನವನ್ನು ನೀಡಿತು. ಇವುಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಸಂವಿಧಾನದ 12ನೇ ಅನುಸೂಚಿಯಲ್ಲಿ ಪಟ್ಟಿ ಮಾಡಲಾಗಿದೆ. ರಾಜ್ಯದ ಕಾನೂನಿಗೆ ಅನುಸಾರವಾಗಿ ತೆರಿಗೆ ವಿಧಿಸುವ ಅಧಿಕಾರವು 243ಎಕ್ಸ್ ಅನುಚ್ಛೇದದಿಂದ ಬಂದಿರುತ್ತದೆ. ರಾಜ್ಯದ ಆದಾಯದಲ್ಲಿ ಈ ಸಂಸ್ಥೆಗಳಿಗೆ ಸಲ್ಲಬೇಕಾದ ಪಾಲನ್ನು ಶಿಫಾರಸು ಮಾಡುವ ಕಾರ್ಯವು ರಾಜ್ಯ ಹಣಕಾಸು ಆಯೋಗಕ್ಕೆ ಸೇರಿದ್ದು, ಇದಕ್ಕೆ 243ವೈ ಅನುಚ್ಛೇದವು ಆಧಾರವಾಗಿದೆ.

ಹಿಂದೆ ಪಟ್ಟಣಗಳಿಗೆ ಆಕ್ಟ್ರಾಯ್ ಎಂಬ ಸುಂಕವು ದೊಡ್ಡ ಆದಾಯವಾಗಿತ್ತು. ಕರ್ನಾಟಕದಲ್ಲಿ 1979ರಲ್ಲಿ ಇದನ್ನು ರದ್ದುಪಡಿಸಿದ ನಂತರ, ಸಂಸ್ಥೆಗಳು ತಾವೇ ವಿಧಿಸಿ ತಾವೇ ವಸೂಲು ಮಾಡುವ ತೆರಿಗೆಗಳಲ್ಲಿ ಆಸ್ತಿ ತೆರಿಗೆಯೇ ಪ್ರಮುಖವಾಗಿ ಉಳಿದಿದೆ.

3. ಆಯವ್ಯಯ ಎಂದರೇನು

ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗಿನ ಅವಧಿಯಲ್ಲಿ ಸಂಸ್ಥೆಗೆ ಬರಬಹುದಾದ ಹಣ ಮತ್ತು ಮಾಡಬೇಕಾದ ವೆಚ್ಚಗಳ ಅಂದಾಜು ಪಟ್ಟಿಯೇ ಆಯವ್ಯಯ. ಆಯವ್ಯಯದಲ್ಲಿ ಅವಕಾಶವಿಲ್ಲದ ಕಾಮಗಾರಿಗೆ ಅಧಿಕಾರಿಯಾಗಲಿ ಸದಸ್ಯರಾಗಲಿ ಹಣ ವೆಚ್ಚ ಮಾಡಲು ಬರುವುದಿಲ್ಲ. ಆದ್ದರಿಂದ ಇದು ಕೇವಲ ಲೆಕ್ಕದ ಪುಸ್ತಕವಲ್ಲ. ವೆಚ್ಚಕ್ಕೆ ನೀಡುವ ಅನುಮತಿಯೂ ಹೌದು.

ಆಯವ್ಯಯದ ಪ್ರತಿಯನ್ನು ಓದುವಾಗ ಈ ಕೆಳಕಂಡ ಪದಗಳ ಅರ್ಥವನ್ನು ತಿಳಿದಿರುವುದು ಸೂಕ್ತ.

(ಅ) ಆರಂಭಿಕ ಶಿಲ್ಕು: ವರ್ಷದ ಮೊದಲ ದಿನ ಸಂಸ್ಥೆಯ ಬ್ಯಾಂಕ್ ಖಾತೆಗಳಲ್ಲಿರುವ ಹಣ.

(ಆ) ರಾಜಸ್ವ ಸ್ವೀಕೃತಿ: ಆಸ್ತಿ ತೆರಿಗೆ, ನೀರಿನ ಶುಲ್ಕ, ಮಳಿಗೆಗಳ ಬಾಡಿಗೆ, ಪರವಾನಗಿ ಶುಲ್ಕ ಮತ್ತು ನಿತ್ಯದ ವೆಚ್ಚಕ್ಕಾಗಿ ಬರುವ ಅನುದಾನ.

(ಇ) ಬಂಡವಾಳ ಸ್ವೀಕೃತಿ: ರಸ್ತೆ, ನೀರು ಸರಬರಾಜು, ಒಳಚರಂಡಿ ಮುಂತಾದ ಶಾಶ್ವತ ಆಸ್ತಿಗಳ ನಿರ್ಮಾಣಕ್ಕಾಗಿ ಬರುವ ಅನುದಾನ ಮತ್ತು ಸಾಲ.

(ಈ) ಅಸಾಧಾರಣ ಸ್ವೀಕೃತಿ: ಬೇರೆಯವರಿಗೆ ಪಾವತಿಸುವ ಸಲುವಾಗಿ ಸಂಸ್ಥೆಯು ಸಂಗ್ರಹಿಸುವ ಅಥವಾ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಹಣ. ಉಪಕರಗಳು, ಗುತ್ತಿಗೆದಾರರ ಠೇವಣಿ, ಬಿಲ್ಲುಗಳಲ್ಲಿ ಕಡಿತಗೊಳಿಸಿದ ತೆರಿಗೆ ಇವು ಉದಾಹರಣೆಗಳು.

(ಉ) ಅಂತಿಮ ಶಿಲ್ಕು: ಎಲ್ಲಾ ಅಂದಾಜು ವೆಚ್ಚಗಳನ್ನು ಕಳೆದ ನಂತರ ವರ್ಷಾಂತ್ಯಕ್ಕೆ ಉಳಿಯುವ ಮೊತ್ತ. ಇದನ್ನೇ ‘ಉಳಿತಾಯ ಬಜೆಟ್’ ಎಂದು ಪ್ರಕಟಿಸಲಾಗುತ್ತದೆ.

ಉಳಿತಾಯವೆಂದು ತೋರಿಸಿದ ಮೊತ್ತವು ಕೈಯಲ್ಲಿರುವ ಹಣವೆಂಬ ಭಾವನೆ ಸಾರ್ವಜನಿಕರಲ್ಲಿದೆ. ವಾಸ್ತವದಲ್ಲಿ ಅದು ಅಂದಾಜು ಮಾತ್ರ. ಅಂದಾಜಿನಂತೆ ತೆರಿಗೆ ವಸೂಲಾಗದಿದ್ದಲ್ಲಿ ಸದರಿ ಉಳಿತಾಯವು ಕಾಗದದ ಮೇಲೆಯೇ ಉಳಿಯುತ್ತದೆ.

4. ಅನುದಾನ ಬಂದರೂ ಸಣ್ಣ ಕೆಲಸಕ್ಕೆ ಹಣದ ಕೊರತೆ ಏಕೆ

ಸಂಸ್ಥೆಗೆ ಬರುವ ಅನುದಾನಗಳಲ್ಲಿ ಬಹುಪಾಲು ನಿರ್ದಿಷ್ಟ ಉದ್ದೇಶಕ್ಕೆ ಮೀಸಲಾಗಿರುತ್ತದೆ. ರಾಜ್ಯ ಹಣಕಾಸು ಆಯೋಗದ ಶಿಫಾರಸಿನನ್ವಯ ಬರುವ ಅನುದಾನದಲ್ಲಿ ವೇತನ ಅನುದಾನವನ್ನು ನೌಕರರ ವೇತನಕ್ಕೆ, ವಿದ್ಯುತ್ ಅನುದಾನವನ್ನು ನೀರೆತ್ತುವ ಯಂತ್ರಗಳು ಹಾಗೂ ಬೀದಿ ದೀಪಗಳ ವಿದ್ಯುತ್ ಬಿಲ್ಲಿಗೆ ಮಾತ್ರ ಬಳಸತಕ್ಕದ್ದು. ಕೇಂದ್ರ ಹಣಕಾಸು ಆಯೋಗದ ಅನುದಾನಕ್ಕೂ ಇಂತಹ ಷರತ್ತುಗಳಿರುತ್ತವೆ. ಒಂದು ಉದ್ದೇಶದ ಹಣವನ್ನು ಮತ್ತೊಂದಕ್ಕೆ ಬಳಸಿದರೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆಗೆ ಒಳಗಾಗುತ್ತದೆ.

ಒಡೆದ ಕೊಳವೆಯ ದುರಸ್ತಿ, ಕೆಟ್ಟ ದೀಪದ ಬದಲಾವಣೆ, ಚರಂಡಿಯ ಹೂಳು ತೆಗೆಯುವುದು, ಕಸ ಸಾಗಿಸುವ ವಾಹನದ ಡೀಸೆಲ್ ಮತ್ತು ಟೈರು, ನೀರಿನ ಶುದ್ಧೀಕರಣಕ್ಕೆ ಬೇಕಾದ ಆಲಂ ಹಾಗೂ ಬ್ಲೀಚಿಂಗ್ ಪೌಡರ್ ಮುಂತಾದ ದಿನನಿತ್ಯದ ವೆಚ್ಚಗಳನ್ನು ಹೆಚ್ಚಾಗಿ ಸ್ವಂತ ಆದಾಯದಿಂದ, ಅಂದರೆ ಸಾಮಾನ್ಯ ನಿಧಿಯಿಂದ ಭರಿಸಬೇಕಾಗುತ್ತದೆ. ನಾಗರಿಕರು ಅತಿ ಹೆಚ್ಚಾಗಿ ದೂರು ನೀಡುವುದು ಇವೇ ಕೆಲಸಗಳ ಬಗ್ಗೆ. ಈ ಸ್ವಂತ ಆದಾಯದ ಬೆನ್ನೆಲುಬು ಆಸ್ತಿ ತೆರಿಗೆ. ಕೋಟ್ಯಂತರ ರೂಪಾಯಿಗಳ ರಸ್ತೆ ಕಾಮಗಾರಿ ನಡೆಯುತ್ತಿರುವ ಪಟ್ಟಣದಲ್ಲಿಯೇ ಒಂದು ದೀಪದ ದುರಸ್ತಿ ವಿಳಂಬವಾಗುವುದಕ್ಕೆ ಇದು ಒಂದು ಮುಖ್ಯ ಕಾರಣವಾಗಿರುತ್ತದೆ.

ಅಲ್ಲದೆ, ಸ್ವಂತ ಆದಾಯದಲ್ಲಿಯೂ ಒಂದು ಭಾಗವನ್ನು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡ, ಇತರೆ ಬಡ ವರ್ಗದವರು ಹಾಗೂ ವಿಕಲಚೇತನರ ಕಲ್ಯಾಣಕ್ಕಾಗಿ ಸರ್ಕಾರದ ಆದೇಶಗಳಂತೆ ಕಾಯ್ದಿರಿಸಬೇಕಾಗಿರುತ್ತದೆ. ತೆರಿಗೆ ವಸೂಲಿ ಕಡಿಮೆಯಾದರೆ ಈ ಬಾಬಿನಲ್ಲಿ ದೊರೆಯುವ ಸಹಾಯವೂ ಕಡಿಮೆಯಾಗುತ್ತದೆ.

5. ಆಯವ್ಯಯ ತಯಾರಿಕೆಯ ಹಂತಗಳು

ಆಯವ್ಯಯದ ತಯಾರಿಕೆಯು ಕರ್ನಾಟಕ ಪೌರಸಭೆಗಳ ಲೆಕ್ಕ ಮತ್ತು ಆಯವ್ಯಯ ನಿಯಮಗಳು, 2006 ಮೊದಲಾದ ನಿಯಮಗಳಂತೆ ನಡೆಯುತ್ತದೆ. ಸ್ಥೂಲವಾಗಿ ಹಂತಗಳು ಈ ಕೆಳಕಂಡಂತಿವೆ.

ಮೊದಲ ಹಂತದಲ್ಲಿ ಲೆಕ್ಕ ಶಾಖೆಯು ಕಂದಾಯ, ಆರೋಗ್ಯ, ನೀರು ಸರಬರಾಜು, ತಾಂತ್ರಿಕ ಮುಂತಾದ ಶಾಖೆಗಳಿಂದ ಅಂದಾಜುಗಳನ್ನು ಪಡೆಯುತ್ತದೆ. ಕಂದಾಯ ಶಾಖೆಯು ಬೇಡಿಕೆ, ವಸೂಲಿ ಮತ್ತು ಬಾಕಿ ತಃಖ್ತೆಯನ್ನು ಒದಗಿಸುತ್ತದೆ. ಒಟ್ಟು ಎಷ್ಟು ತೆರಿಗೆ ಬರಬೇಕು, ಎಷ್ಟು ಬಂದಿದೆ, ಎಷ್ಟು ನಿಂತಿದೆ ಎಂಬ ಈ ಮೂರು ಅಂಕಿಗಳ ಮೇಲೆ ಮುಂದಿನ ವರ್ಷದ ಆದಾಯದ ಅಂದಾಜು ನಿಂತಿರುತ್ತದೆ.

ಎರಡನೆಯ ಹಂತದಲ್ಲಿ ಸಾರ್ವಜನಿಕರ, ಸಂಘ ಸಂಸ್ಥೆಗಳ ಮತ್ತು ಬಡಾವಣೆಗಳ ಪ್ರತಿನಿಧಿಗಳ ಸಲಹೆಗಳನ್ನು ಪಡೆಯಲು ಆಯವ್ಯಯ ಪೂರ್ವಭಾವಿ ಸಭೆಯನ್ನು ಕರೆಯಲಾಗುತ್ತದೆ. ಈ ಸಭೆಗಳು ಸಾಮಾನ್ಯವಾಗಿ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿಯಲ್ಲಿ ನಡೆಯುತ್ತವೆ.

ಮೂರನೆಯ ಹಂತದಲ್ಲಿ ಕರಡು ಆಯವ್ಯಯವು ಸ್ಥಾಯಿ ಸಮಿತಿಯ ಪರಿಶೀಲನೆಗೆ ಹೋಗುತ್ತದೆ. ಮಹಾನಗರ ಪಾಲಿಕೆಗಳಲ್ಲಿ ಈ ಕಾರ್ಯವನ್ನು ತೆರಿಗೆ ನಿರ್ಧರಣೆ, ಹಣಕಾಸು ಮತ್ತು ಅಪೀಲುಗಳ ಸ್ಥಾಯಿ ಸಮಿತಿಯು ನಿರ್ವಹಿಸುತ್ತದೆ.

ನಾಲ್ಕನೆಯ ಹಂತದಲ್ಲಿ ಆಯವ್ಯಯವನ್ನು ಸಾಮಾನ್ಯ ಸಭೆಯಲ್ಲಿ ಮಂಡಿಸಿ, ಚರ್ಚೆಯ ನಂತರ ಆರ್ಥಿಕ ವರ್ಷದ ಆರಂಭಕ್ಕೆ ಮೊದಲು ಅನುಮೋದನೆ ಪಡೆಯಬೇಕಾಗಿರುತ್ತದೆ. ಚುನಾಯಿತ ಮಂಡಳಿಯ ಅವಧಿ ಮುಗಿದಿದ್ದು ಹೊಸ ಮಂಡಳಿ ರಚನೆಯಾಗದಿದ್ದಲ್ಲಿ ಆಡಳಿತಾಧಿಕಾರಿಗಳು ಈ ಅಧಿಕಾರವನ್ನು ಚಲಾಯಿಸುತ್ತಾರೆ.

ವರ್ಷದ ನಡುವೆ ಅಗತ್ಯ ಕಂಡುಬಂದಲ್ಲಿ ಪರಿಷ್ಕೃತ ಆಯವ್ಯಯಕ್ಕೆ ಅಥವಾ ಒಂದು ಬಾಬಿನಿಂದ ಮತ್ತೊಂದು ಬಾಬಿಗೆ ಮರುಹಂಚಿಕೆಗೆ ಅವಕಾಶವಿದೆ. ಆದರೆ ಹೊಸ ಕೆಲಸವನ್ನು ಸೇರಿಸಬೇಕಾದರೆ ಈಗಾಗಲೇ ಒಪ್ಪಿರುವ ಬೇರೊಂದು ಕೆಲಸವನ್ನು ಕಡಿಮೆ ಮಾಡಬೇಕಾಗುತ್ತದೆ. ಆದ್ದರಿಂದ ಜೂನ್ ತಿಂಗಳಲ್ಲಿ ಮಳೆ ಬಂದ ನಂತರ ಸಲ್ಲಿಸಿದ ಚರಂಡಿಯ ಮನವಿಗಿಂತ, ಹಿಂದಿನ ಜನವರಿಯಲ್ಲಿ ಸಲ್ಲಿಸಿದ ಮನವಿಗೆ ಹಣ ದೊರೆಯುವ ಸಂಭವ ಹೆಚ್ಚು.

6. ಅಂದಾಜು ಮತ್ತು ವಸೂಲಿಯ ನಡುವಿನ ಅಂತರ: ಒಂದು ಉದಾಹರಣೆ

ತಿಳಿವಳಿಕೆಗಾಗಿ ಒಂದು ಕಾಲ್ಪನಿಕ ನಗರಸಭೆಯನ್ನು ತೆಗೆದುಕೊಳ್ಳಬಹುದು. ಅಲ್ಲಿ ಚಾಲ್ತಿ ಸಾಲಿನ ಆಸ್ತಿ ತೆರಿಗೆಯ ಬೇಡಿಕೆ ರೂ. 4 ಕೋಟಿ ಹಾಗೂ ಹಿಂದಿನ ಬಾಕಿ ರೂ. 2 ಕೋಟಿ ಇದ್ದು, ಒಟ್ಟು ಬೇಡಿಕೆ ರೂ. 6 ಕೋಟಿ ಆಗಿದೆ ಎಂದಿರಲಿ. ಆಯವ್ಯಯದಲ್ಲಿ ಪೂರ್ಣ ರೂ. 6 ಕೋಟಿಯನ್ನೂ ಆದಾಯವೆಂದು ತೋರಿಸಿ ಅಷ್ಟೇ ಮೊತ್ತದ ವೆಚ್ಚಕ್ಕೆ ಒಪ್ಪಿಗೆ ನೀಡಲಾಗಿದೆ. ವರ್ಷಾಂತ್ಯಕ್ಕೆ ಶೇಕಡ 60ರಷ್ಟು, ಅಂದರೆ ರೂ. 3.60 ಕೋಟಿ ಮಾತ್ರ ವಸೂಲಾಗಿದೆ. ಕೊರತೆ ರೂ. 2.40 ಕೋಟಿ.

ಈ ಕೊರತೆಯನ್ನು ವೇತನ ಅಥವಾ ವಿದ್ಯುತ್ ಅನುದಾನದಿಂದ ತುಂಬಲು ಬರುವುದಿಲ್ಲ. ಪರಿಣಾಮವಾಗಿ ಕೆಲವು ಕಾಮಗಾರಿಗಳಿಗೆ ಟೆಂಡರ್ ಕರೆಯಲಾಗುವುದಿಲ್ಲ. ಮುಗಿದ ಕಾಮಗಾರಿಗಳ ಬಿಲ್ಲುಗಳು ಬಾಕಿ ಉಳಿಯುತ್ತವೆ. ಮುಂದಿನ ಟೆಂಡರಿಗೆ ಗುತ್ತಿಗೆದಾರರು ಮುಂದೆ ಬರುವುದಿಲ್ಲ ಅಥವಾ ಹೆಚ್ಚಿನ ದರ ನಮೂದಿಸುತ್ತಾರೆ. ಸಕಾಲದಲ್ಲಿ ತೆರಿಗೆ ಪಾವತಿಸಿದ ಕುಟುಂಬವೂ ಈ ತೊಂದರೆಯನ್ನು ಸಮಾನವಾಗಿ ಅನುಭವಿಸುತ್ತದೆ. ಆದುದರಿಂದ ಆಯವ್ಯಯದ ಪ್ರತಿಯನ್ನು ಪರಿಶೀಲಿಸುವ ನಾಗರಿಕರು, ಒಟ್ಟು ಗಾತ್ರಕ್ಕಿಂತ ಮೊದಲು ಹಿಂದಿನ ವರ್ಷದ ಅಂದಾಜು ಮತ್ತು ಅದೇ ವರ್ಷದ ವಾಸ್ತವಿಕ ವಸೂಲಿಯನ್ನು ಹೋಲಿಸಿ ನೋಡುವುದು ಒಳ್ಳೆಯದು.

7. ಸ್ವಯಂ ಘೋಷಣಾ ಪದ್ಧತಿ

ಹಿಂದೆ ಕಟ್ಟಡದ ವಾರ್ಷಿಕ ಬಾಡಿಗೆ ಮೌಲ್ಯವನ್ನು ಅಧಿಕಾರಿಗಳು ಅಂದಾಜು ಮಾಡಿ ತೆರಿಗೆ ನಿಗದಿಪಡಿಸುತ್ತಿದ್ದರು. ಒಂದೇ ಬೀದಿಯ ಒಂದೇ ಬಗೆಯ ಎರಡು ಮನೆಗಳಿಗೆ ಬೇರೆ ಬೇರೆ ತೆರಿಗೆ ಬೀಳುವ ಸಂದರ್ಭಗಳಿದ್ದು, ವಿವಾದಗಳಿಗೆ ಎಡೆಯಾಗುತ್ತಿತ್ತು. ಇದನ್ನು ಬದಲಾಯಿಸಿ 2000ದಲ್ಲಿ ಬೆಂಗಳೂರಿನಲ್ಲಿ ಹಾಗೂ 2002-03ರಿಂದ ರಾಜ್ಯದ ಇತರೆ ನಗರಗಳಲ್ಲಿ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿಯನ್ನು ಜಾರಿಗೆ ತರಲಾಯಿತು. ಬೆಂಗಳೂರಿನ ಹೊರಗೆ ಈ ಪದ್ಧತಿಯು ಆಸ್ತಿಯ ಮೂಲ ಬೆಲೆಯನ್ನು ಆಧರಿಸಿದೆ.

ಈ ಪದ್ಧತಿಯಲ್ಲಿ ತೆರಿಗೆಯ ಮೊತ್ತವು ಒಬ್ಬರ ತೀರ್ಮಾನದಿಂದ ಬರುವುದಿಲ್ಲ. ಲೆಕ್ಕಾಚಾರದ ವಿಧಾನ ಮತ್ತು ದರದ ಮಿತಿಗಳನ್ನು ರಾಜ್ಯದ ಕಾನೂನು ನಿಗದಿಪಡಿಸುತ್ತದೆ. ಪ್ರದೇಶವಾರು ಮಾರ್ಗಸೂಚಿ ಬೆಲೆಯನ್ನು ಕರ್ನಾಟಕ ಸ್ಟಾಂಪು ಅಧಿನಿಯಮ, 1957ರಡಿ ನಿಗದಿಪಡಿಸಲಾಗುತ್ತದೆ. ಮಿತಿಯೊಳಗೆ ಆ ಊರಿಗೆ ಅನ್ವಯಿಸುವ ದರವನ್ನು ಸ್ಥಳೀಯ ಸಂಸ್ಥೆಯು ನಿರ್ಣಯಿಸುತ್ತದೆ. ನಿವೇಶನದ ಅಳತೆ, ಕಟ್ಟಡದ ವಿಸ್ತೀರ್ಣ, ನಿರ್ಮಾಣದ ವರ್ಷ ಮತ್ತು ಉಪಯೋಗವನ್ನು ಮಾಲೀಕರು ಘೋಷಿಸುತ್ತಾರೆ. ತೆರಿಗೆ ಹೆಚ್ಚಾಗಿದೆಯೆಂದು ಭಾವಿಸುವವರು ಈ ನಾಲ್ಕರಲ್ಲಿ ಯಾವುದು ಬದಲಾಗಿದೆಯೆಂದು ಮೊದಲು ನೋಡತಕ್ಕದ್ದು. ವಿಸ್ತೀರ್ಣದ ತಪ್ಪನ್ನು ಕಂದಾಯ ಶಾಖೆಯಲ್ಲಿ ಸರಿಪಡಿಸಿಕೊಳ್ಳಬಹುದು. ದರದ ಬಗೆಗಿನ ಅಭಿಪ್ರಾಯವನ್ನು ಮಂಡಳಿಯ ಮುಂದೆ, ದರ ನಿರ್ಣಯವಾಗುವ ಮೊದಲೇ ಸಲ್ಲಿಸಬೇಕಾಗುತ್ತದೆ. ಮಾರ್ಗಸೂಚಿ ಬೆಲೆಯು ನಗರಸಭೆಯ ಅಧಿಕಾರದಲ್ಲಿರುವುದಿಲ್ಲ.

ಬಹುಕಾಲ 2005-06ನೇ ಸಾಲಿನ ಮಾರ್ಗಸೂಚಿ ಬೆಲೆಯನ್ನೇ ಆಧಾರವಾಗಿಟ್ಟುಕೊಂಡು, ಮೂರು ವರ್ಷಗಳಿಗೊಮ್ಮೆ ತೆರಿಗೆಯನ್ನು ಹೆಚ್ಚಿಸುವ ಕ್ರಮವಿತ್ತು. 2021-22ನೇ ಸಾಲಿನಿಂದ ಚಾಲ್ತಿ ಮಾರ್ಗಸೂಚಿ ಬೆಲೆಯ ಆಧಾರಕ್ಕೆ ಬದಲಾಯಿಸಲಾಯಿತು. ಇದೇ ಸಮಯದಲ್ಲಿ 15ನೇ ಕೇಂದ್ರ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ಅವಧಿಗೆ ನಗರಗಳ ಅನುದಾನಕ್ಕೆ ಷರತ್ತುಗಳನ್ನು ವಿಧಿಸಿತ್ತು. ಲೆಕ್ಕಪತ್ರಗಳನ್ನು ಸಾರ್ವಜನಿಕವಾಗಿ ಪ್ರಕಟಿಸುವುದು, ಆಸ್ತಿ ತೆರಿಗೆಯ ಕನಿಷ್ಠ ದರಗಳನ್ನು ಅಧಿಸೂಚಿಸುವುದು ಹಾಗೂ ರಾಜ್ಯದ ಆರ್ಥಿಕ ಬೆಳವಣಿಗೆಗೆ ಅನುಗುಣವಾಗಿ ತೆರಿಗೆ ವಸೂಲಿಯನ್ನು ಹೆಚ್ಚಿಸುವುದು ಅವುಗಳಲ್ಲಿ ಮುಖ್ಯವಾದವು. ಹೀಗೆ, ತೆರಿಗೆ ವಸೂಲಿ ಮತ್ತು ಹೊರಗಿನಿಂದ ಬರುವ ಅನುದಾನಗಳು ಒಂದಕ್ಕೊಂದು ಹೊಂದಿಕೊಂಡಿವೆ.

8. ತೆರಿಗೆ ಲೆಕ್ಕ ಹಾಕುವ ಕ್ರಮ

ನಿವೇಶನದ ಬೆಲೆಯನ್ನು ಮಾರ್ಗಸೂಚಿ ಬೆಲೆಯ ಆಧಾರದ ಮೇಲೆ ಲೆಕ್ಕ ಹಾಕಲಾಗುತ್ತದೆ. ಕಟ್ಟಡವಿದ್ದಲ್ಲಿ ಅದರ ನಿರ್ಮಾಣದ ವಿಧಕ್ಕೆ ನಿಗದಿಪಡಿಸಿದ ದರದಂತೆ ಬೆಲೆ ಕಟ್ಟಿ, ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿಯನ್ನು ಕಳೆಯಲಾಗುತ್ತದೆ. ಈ ಬೆಲೆಗಳಲ್ಲಿ ಕಾನೂನು ಸೂಚಿಸಿದ ಭಾಗವನ್ನು ಮಾತ್ರ ‘ತೆರಿಗೆಗೆ ಒಳಪಡುವ ಮೂಲ ಬೆಲೆ’ ಎಂದು ಪರಿಗಣಿಸಿ, ಅದರ ಮೇಲೆ ವಾಸದ ಕಟ್ಟಡ, ವಾಣಿಜ್ಯ ಕಟ್ಟಡ, ಖಾಲಿ ನಿವೇಶನ ಎಂಬ ವರ್ಗಕ್ಕೆ ತಕ್ಕ ದರವನ್ನು ಅನ್ವಯಿಸಲಾಗುತ್ತದೆ.

ಆಸ್ತಿ ತೆರಿಗೆಯ ಮೇಲೆ ಉಪಕರಗಳು ಸೇರುತ್ತವೆ. ಆರೋಗ್ಯ ಉಪಕರ ಶೇಕಡ 15, ಗ್ರಂಥಾಲಯ ಉಪಕರ ಶೇಕಡ 6 ಮತ್ತು ಭಿಕ್ಷುಕರ ಉಪಕರ ಶೇಕಡ 3. ಇವುಗಳಿಗೆ ಕ್ರಮವಾಗಿ 1962ರ ಆರೋಗ್ಯ ಉಪಕರ ಅಧಿನಿಯಮ, 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ಹಾಗೂ 1975ರ ಭಿಕ್ಷಾಟನೆ ನಿಷೇಧ ಅಧಿನಿಯಮ ಆಧಾರವಾಗಿವೆ. ಕೆಲವು ಕಡೆ ಇತರೆ ಉಪಕರ ಅಥವಾ ಘನತ್ಯಾಜ್ಯ ನಿರ್ವಹಣಾ ಶುಲ್ಕವೂ ಸೇರಿರುತ್ತದೆ.

ಉದಾಹರಣೆ: ಒಂದು ವಾಸದ ಮನೆಯ ತೆರಿಗೆಗೆ ಒಳಪಡುವ ಮೂಲ ಬೆಲೆ ರೂ. 8,00,000 ಹಾಗೂ ಆ ಊರಿನ ದರ ಶೇಕಡ 0.5 ಎಂದು ಭಾವಿಸಿದಲ್ಲಿ,

ಆಸ್ತಿ ತೆರಿಗೆ: ರೂ. 4,000
ಆರೋಗ್ಯ ಉಪಕರ: ರೂ. 600
ಗ್ರಂಥಾಲಯ ಉಪಕರ: ರೂ. 240
ಭಿಕ್ಷುಕರ ಉಪಕರ: ರೂ. 120
ಒಟ್ಟು: ರೂ. 4,960

ಈ ಉದಾಹರಣೆಯಲ್ಲಿನ ಬೆಲೆ ಮತ್ತು ದರ ಲೆಕ್ಕದ ವಿಧಾನವನ್ನು ತೋರಿಸಲು ಮಾತ್ರ. ವಾಸ್ತವಿಕ ದರವನ್ನು ಆಯಾ ಸಂಸ್ಥೆಯ ಆ ಸಾಲಿನ ದರಪಟ್ಟಿಯಿಂದಲೇ ತಿಳಿಯಬೇಕು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ನಾಗರಿಕರು ಪಾವತಿಸುವ ರೂ. 4,960ರಲ್ಲಿ ಉಪಕರಗಳ ರೂ. 960 ಊರಿನ ರಸ್ತೆ ಮತ್ತು ಚರಂಡಿಗಳಿಗೆ ಮೀಸಲಾದ ಹಣವಲ್ಲ. ಗ್ರಂಥಾಲಯ ಉಪಕರವು ಗ್ರಂಥಾಲಯಗಳಿಗೆ, ಭಿಕ್ಷುಕರ ಉಪಕರವು ನಿರಾಶ್ರಿತರ ಪರಿಹಾರ ಕಾರ್ಯಕ್ಕೆ ಸಲ್ಲುತ್ತದೆ. ಆಯವ್ಯಯದಲ್ಲಿ ಉಪಕರಗಳು ಅಸಾಧಾರಣ ಸ್ವೀಕೃತಿಯಲ್ಲಿ ಕಾಣಿಸಿಕೊಳ್ಳುವುದು ಈ ಕಾರಣದಿಂದ.

9. ಪಾವತಿಯ ಅವಧಿ, ರಿಯಾಯಿತಿ ಮತ್ತು ದಂಡ

ಆರ್ಥಿಕ ವರ್ಷದ ಮೊದಲ ತಿಂಗಳಲ್ಲಿ, ಅಂದರೆ ಏಪ್ರಿಲ್ 30ರೊಳಗೆ ಪೂರ್ಣ ತೆರಿಗೆಯನ್ನು ಪಾವತಿಸಿದವರಿಗೆ ಆಸ್ತಿ ತೆರಿಗೆಯಲ್ಲಿ ಶೇಕಡ 5ರಷ್ಟು ರಿಯಾಯಿತಿ ದೊರೆಯುತ್ತದೆ. ಮೇ ಮತ್ತು ಜೂನ್ ತಿಂಗಳುಗಳಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಆ ನಂತರ ಬಾಕಿ ಉಳಿದ ತೆರಿಗೆಗೆ ತಿಂಗಳಿಗೆ ಶೇಕಡ 2ರಂತೆ ದಂಡ ಸೇರುತ್ತದೆ. ಕೆಲವು ವರ್ಷಗಳಲ್ಲಿ ಸರ್ಕಾರವು ರಿಯಾಯಿತಿಯ ಅವಧಿಯನ್ನು ವಿಸ್ತರಿಸಿದ್ದುಂಟು. ಆದರೆ ವಿಸ್ತರಣೆಯಾಗುತ್ತದೆಂದು ನಿರೀಕ್ಷಿಸಿ ಕಾಯುವುದು ಸೂಕ್ತವಲ್ಲ.

ಮೇಲ್ಕಂಡ ಉದಾಹರಣೆಯ ಮನೆಯ ಮಾಲೀಕರಿಗೆ ಏಪ್ರಿಲ್‌ನಲ್ಲಿ ಪಾವತಿಸಿದರೆ ರೂ. 200 ಉಳಿಯುತ್ತದೆ. ಜುಲೈನಿಂದ ಪ್ರತಿ ತಿಂಗಳು ರೂ. 80ರಂತೆ ದಂಡ ಸೇರಿ, ಮಾರ್ಚ್ ಅಂತ್ಯಕ್ಕೆ ಒಂಬತ್ತು ತಿಂಗಳಿಗೆ ರೂ. 720 ಆಗುತ್ತದೆ. ಹೀಗೆ ಒಂದೇ ವರ್ಷದ ತೆರಿಗೆಯಲ್ಲಿ ಸಕಾಲದ ಮತ್ತು ವಿಳಂಬದ ಪಾವತಿಗಳ ನಡುವೆ ರೂ. 920 ವ್ಯತ್ಯಾಸ ಬರುತ್ತದೆ. ಹಲವು ವರ್ಷಗಳ ಬಾಕಿಯಲ್ಲಿ ದಂಡದ ಮೊತ್ತವೇ ತೆರಿಗೆಯ ಸಮಕ್ಕೆ ಬಂದು ನಿಲ್ಲಬಹುದು. ತಂದೆಯ ಕಾಲದಿಂದ ಬಾಕಿಯಿರುವ ಮನೆಯನ್ನು ಮಕ್ಕಳು ತಮ್ಮ ಹೆಸರಿಗೆ ಖಾತಾ ಮಾಡಿಸಿಕೊಳ್ಳಲು ಬಂದಾಗ ಅಥವಾ ಮಗಳ ಮದುವೆಗೆಂದು ನಿವೇಶನ ಮಾರಲು ಹೊರಟಾಗ ಈ ಹೊರೆ ಒಮ್ಮೆಲೇ ಎದುರಾಗುತ್ತದೆ.

ಏಪ್ರಿಲ್ ಪಾವತಿಗೆ ರಿಯಾಯಿತಿ ನೀಡುವುದಕ್ಕೆ ಆಯವ್ಯಯಕ್ಕೆ ಸಂಬಂಧಿಸಿದ ಕಾರಣವೂ ಇದೆ. ಮಳೆಗಾಲಕ್ಕೆ ಮುನ್ನ ಚರಂಡಿಗಳ ಹೂಳು ತೆಗೆಸಲು, ಬೇಸಿಗೆಯಲ್ಲಿ ಟ್ಯಾಂಕರ್ ಮೂಲಕ ನೀರು ಪೂರೈಸಲು ವರ್ಷದ ಮೊದಲ ತಿಂಗಳುಗಳಲ್ಲಿಯೇ ಹಣ ಬೇಕಾಗುತ್ತದೆ. ಮಾರ್ಚ್‌ನಲ್ಲಿ ಬಂದ ತೆರಿಗೆಯು ಲೆಕ್ಕಕ್ಕೆ ಸೇರುತ್ತದೆಯಾದರೂ ಆ ವರ್ಷದ ಮಳೆಗಾಲಕ್ಕೆ ಒದಗುವುದಿಲ್ಲ.

10. ಘೋಷಣೆಯಲ್ಲಿ ವಹಿಸಬೇಕಾದ ಎಚ್ಚರಿಕೆ

ಸ್ವಯಂ ಘೋಷಣೆಯು ಮಾಲೀಕರ ಮೇಲೆ ಇಟ್ಟಿರುವ ನಂಬಿಕೆಯನ್ನು ಆಧರಿಸಿದ ಪದ್ಧತಿ. ಈ ಕೆಳಕಂಡ ಬದಲಾವಣೆಗಳಾದಾಗ ಹಳೆಯ ವಿವರಗಳನ್ನೇ ಮುಂದುವರಿಸಬಾರದು.

(ಅ) ಮನೆಯ ಮೇಲೆ ಹೊಸ ಅಂತಸ್ತು ಅಥವಾ ಹೆಚ್ಚುವರಿ ಕೊಠಡಿ ನಿರ್ಮಿಸಿದಾಗ.

(ಆ) ವಾಸದ ಮನೆಯ ಭಾಗವನ್ನು ಅಂಗಡಿ, ಗೋದಾಮು ಅಥವಾ ಕಛೇರಿಯಾಗಿ ಉಪಯೋಗಿಸತೊಡಗಿದಾಗ.

(ಇ) ಹೆಂಚಿನ ಮನೆಯನ್ನು ತೆಗೆದು ಆರ್.ಸಿ.ಸಿ. ಕಟ್ಟಡ ನಿರ್ಮಿಸಿದಾಗ.

(ಈ) ನಿವೇಶನವು ಸಹೋದರರ ನಡುವೆ ವಿಭಾಗವಾದಾಗ ಅಥವಾ ಎರಡು ನಿವೇಶನಗಳು ಒಂದಾದಾಗ.

ಅಧಿಕಾರಿಗಳು ಸ್ಥಳ ತನಿಖೆ ನಡೆಸಿದಾಗ ಘೋಷಣೆಗಿಂತ ಹೆಚ್ಚಿನ ತೆರಿಗೆ ಸಲ್ಲಬೇಕಾದುದು ಕಂಡುಬಂದಲ್ಲಿ, ನೋಟೀಸು ನೀಡಿ, ಮಾಲೀಕರ ಹೇಳಿಕೆಯನ್ನು ಪರಿಶೀಲಿಸಿ, ವ್ಯತ್ಯಾಸದ ತೆರಿಗೆಯನ್ನು ದಂಡ ಸಹಿತ ವಸೂಲು ಮಾಡಲಾಗುವುದು. ನೋಟೀಸು ಬಂದಾಗ ಅದರಲ್ಲಿ ಸೂಚಿಸಿದ ಅವಧಿಯೊಳಗೆ ಅಳತೆಯ ನಕ್ಷೆ, ಕಟ್ಟಡ ಪರವಾನಗಿ ಮತ್ತು ಹಿಂದಿನ ರಸೀದಿಗಳೊಂದಿಗೆ ಲಿಖಿತ ಉತ್ತರ ಸಲ್ಲಿಸತಕ್ಕದ್ದು. ವಿವಾದವಿಲ್ಲದ ಭಾಗದ ತೆರಿಗೆಯನ್ನು ಅವಧಿಯೊಳಗೆ ಪಾವತಿಸುವುದು ಕ್ಷೇಮ.

ಸಾರ್ವಜನಿಕ ಪೂಜಾ ಸ್ಥಳಗಳು, ಸ್ಮಶಾನಗಳು ಮೊದಲಾದ ಕೆಲವು ಆಸ್ತಿಗಳಿಗೆ ಷರತ್ತುಗಳಿಗೊಳಪಟ್ಟು ವಿನಾಯಿತಿ ಇದೆ. ಕೇಂದ್ರ ಸರ್ಕಾರದ ಆಸ್ತಿಗಳಿಗೆ ಸಂವಿಧಾನದ 285ನೇ ಅನುಚ್ಛೇದದಂತೆ ತೆರಿಗೆ ವಿನಾಯಿತಿ ಇರುತ್ತದೆ. ವಿನಾಯಿತಿಯು ಉಪಯೋಗವನ್ನು ಅವಲಂಬಿಸಿರುವಲ್ಲಿ, ಕಟ್ಟಡವನ್ನು ಬಾಡಿಗೆಗೆ ನೀಡಿದರೆ ವಿನಾಯಿತಿ ತಪ್ಪಿಹೋಗಬಹುದು.

11. ತೆರಿಗೆ ರಸೀದಿ, ಖಾತೆ ಮತ್ತು ಹಕ್ಕು

ಖಾತೆಯೆಂದರೆ ತೆರಿಗೆ ವಸೂಲಿಗಾಗಿ ಸಂಸ್ಥೆಯು ಇಟ್ಟುಕೊಂಡಿರುವ ಆಸ್ತಿಯ ಲೆಕ್ಕ. ಖಾತಾ ಬದಲಾವಣೆಯೆಂದರೆ ತೆರಿಗೆ ಪಾವತಿಸುವ ಹೊಣೆಯನ್ನು ಮತ್ತೊಬ್ಬರ ಹೆಸರಿಗೆ ಬರೆಯುವುದು. ಆ ಲೆಕ್ಕದಲ್ಲಿ ಬಾಕಿ ಇರುವಾಗ ಹೊಣೆಯನ್ನು ವರ್ಗಾಯಿಸುವುದು ಕಷ್ಟ. ಆದ್ದರಿಂದಲೇ ಅರ್ಜಿಯೊಂದಿಗೆ ಚಾಲ್ತಿ ಸಾಲಿನ ರಸೀದಿಯನ್ನು ಕೇಳಲಾಗುತ್ತದೆ.

ಆದರೆ ತೆರಿಗೆ ರಸೀದಿಯಾಗಲಿ ಖಾತೆಯಾಗಲಿ ಆಸ್ತಿಯ ಹಕ್ಕುಪತ್ರವಲ್ಲ. ನಿವೇಶನ ಕೊಳ್ಳುವವರು ಖಾತೆಯೊಂದನ್ನೇ ನೋಡಿ ಹಣ ನೀಡದೆ, ನೋಂದಾಯಿತ ಕ್ರಯಪತ್ರ, ಋಣಭಾರ ಪ್ರಮಾಣ ಪತ್ರ ಮತ್ತು ಬಡಾವಣೆಯ ಅನುಮೋದನೆಯನ್ನು ಪರಿಶೀಲಿಸತಕ್ಕದ್ದು. ಅದೇ ರೀತಿ, ಅನಧಿಕೃತ ಕಟ್ಟಡದಿಂದ ತೆರಿಗೆ ವಸೂಲು ಮಾಡಿದ ಮಾತ್ರಕ್ಕೆ ಆ ಕಟ್ಟಡವು ಸಕ್ರಮವಾಗುವುದಿಲ್ಲ.

12. ನಾಗರಿಕರು ಪಾಲ್ಗೊಳ್ಳಬಹುದಾದ ಅವಕಾಶಗಳು

ಬಡಾವಣೆಯ ಬೇಡಿಕೆಯನ್ನು ಆಯವ್ಯಯ ಪೂರ್ವಭಾವಿ ಸಭೆಯಲ್ಲಿ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಉತ್ತಮ. ‘ನಮ್ಮ ವಾರ್ಡಿಗೆ ಅಭಿವೃದ್ಧಿ ಬೇಕು’ ಎಂಬ ಮನವಿಗಿಂತ, ಯಾವ ರಸ್ತೆಯಲ್ಲಿ ಎಷ್ಟು ಮೀಟರ್ ಚರಂಡಿ, ಅದರಿಂದ ಎಷ್ಟು ಮನೆಗಳಿಗೆ ಅನುಕೂಲ ಎಂಬುದನ್ನು ನಮೂದಿಸಿದ ಮನವಿಗೆ ತಾಂತ್ರಿಕ ಶಾಖೆಯು ಬೇಗನೆ ಅಂದಾಜು ತಯಾರಿಸಲು ಸಾಧ್ಯ. ವಾರ್ಡ್ ಸಮಿತಿಗಳು ರಚನೆಯಾಗಿರುವ ಮಹಾನಗರ ಪಾಲಿಕೆಗಳಲ್ಲಿ ಅವುಗಳ ಮೂಲಕವೂ ಬೇಡಿಕೆಗಳನ್ನು ಕಳುಹಿಸಬಹುದು.

ಅನುಮೋದಿತ ಆಯವ್ಯಯದ ಪ್ರತಿಯನ್ನು ನೋಡುವ ಹಕ್ಕು ಪ್ರತಿಯೊಬ್ಬ ನಾಗರಿಕರಿಗೂ ಇದೆ. ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣದಂತೆ ಆಯವ್ಯಯದ ವಿವರಗಳನ್ನು ಸಾರ್ವಜನಿಕ ಪ್ರಾಧಿಕಾರಗಳು ತಾವಾಗಿಯೇ ಪ್ರಕಟಿಸಬೇಕಾಗಿರುತ್ತದೆ. ವರ್ಷಾಂತ್ಯದ ಲೆಕ್ಕಗಳನ್ನು ರಾಜ್ಯ ಲೆಕ್ಕ ಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯು ಪರಿಶೋಧಿಸುತ್ತದೆ. ಖಾತಾ ಮುಂತಾದ ಹಲವು ಸೇವೆಗಳು ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವುದರಿಂದ, ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯತಕ್ಕದ್ದು.

13. ನೆನಪಿಡಬೇಕಾದ ತಿಂಗಳುಗಳು

ಏಪ್ರಿಲ್: ರಿಯಾಯಿತಿಯೊಂದಿಗೆ ತೆರಿಗೆ ಪಾವತಿ, ಹೊಸ ಆಯವ್ಯಯ ಜಾರಿ.
ಮೇ ಮತ್ತು ಜೂನ್: ದಂಡವಿಲ್ಲದೆ ತೆರಿಗೆ ಪಾವತಿ.
ಜುಲೈ: ಬಾಕಿಯ ಮೇಲೆ ದಂಡ ಆರಂಭ.
ಡಿಸೆಂಬರ್‌ನಿಂದ ಫೆಬ್ರವರಿ: ಮುಂದಿನ ಸಾಲಿನ ಆಯವ್ಯಯಕ್ಕೆ ಸಲಹೆ ಸಲ್ಲಿಸುವ ಕಾಲ.
ಮಾರ್ಚ್: ಆಯವ್ಯಯದ ಅನುಮೋದನೆಗೆ ಕೊನೆಯ ತಿಂಗಳು.

ಆಸ್ತಿಯ ಸರಿಯಾದ ವಿವರ ನೀಡಿ ಏಪ್ರಿಲ್‌ನಲ್ಲಿ ತೆರಿಗೆ ಪಾವತಿಸುವುದು ಹಾಗೂ ಜನವರಿಯ ವೇಳೆಗೆ ಆ ಹಣದ ವಿನಿಯೋಗದ ಬಗ್ಗೆ ಸಲಹೆ ಸಲ್ಲಿಸುವುದು, ಇವೆರಡೂ ಒಂದೇ ಜವಾಬ್ದಾರಿಯ ಎರಡು ಭಾಗಗಳು. ತೆರಿಗೆ ಪಾವತಿಸುವ ಎಲ್ಲಾ ನಾಗರಿಕರು ತಮ್ಮ ಊರಿನ ಆಯವ್ಯಯದ ಪ್ರತಿಯನ್ನು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಿ, ಪೂರ್ವಭಾವಿ ಸಭೆಗಳಲ್ಲಿ ಭಾಗವಹಿಸಬೇಕೆಂದು ಕೋರಲಾಗಿದೆ.